ಬಿಟ್ಟುಹೋದ ಸೊನ್ನೆ

ಕಳೆದ ತಿಂಗಳು ನಮ್ಮ ಸಂಘದ ಸಾಯಂಕಾಲದ ಕೂಟದಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನ ಹುಟ್ಟಿತು. ಅಂದು ಉಪನ್ಯಾಸ ಮಾಡಬೇಕಾಗಿದ್ದ ಮಹನೀಯರು ಮಳೆಯ ದೆಸೆಯಿಂದ ಬರಲಾಗಲಿಲ್ಲ. ಬಂದಿದ್ದ ಏಳೆಂಟು ಮಂದಿ ಕಾಫಿ ಕುಡಿದು ಹರಟೆಗೆ ಕುಳಿತೆವು. ಮಿತ್ರರಾದ ವಕೀಲರೊಬ್ಬರು ತಮ್ಮ ಮೊಮ್ಮಗನ ಸುದ್ದಿ ತೆಗೆದರು. ಹುಡುಗ ಆರನೆಯ ತರಗತಿಯಲ್ಲಿ ಓದುತ್ತಾನೆ. ಅವನಿಗೆ ಶಾಲೆಯಲ್ಲಿ ವಾರಕ್ಕೆ ಎರಡು ಗಂಟೆ ಕಂಪ್ಯೂಟರ್ ಪಾಠವಂತೆ; ಅದಕ್ಕೆ ಬೇರೆ ಪುಸ್ತಕ, ಬೇರೆ ಪರೀಕ್ಷೆ, ಬೇರೆ ಶುಲ್ಕ. "ಇಷ್ಟೆಲ್ಲ ಆದಮೇಲೆ, ಮನೆಯ ವಿದ್ಯುತ್ತಿನ ಬಿಲ್ಲನ್ನು ಫೋನಿನಲ್ಲಿ ಕಟ್ಟಪ್ಪ ಎಂದರೆ ಅವನಿಗೆ ಬರುವುದಿಲ್ಲ, ಅವನ ಅಜ್ಜಿಗೆ ಬರುತ್ತದೆ. ಅವಳು ಯಾವ ಶಾಲೆಯಲ್ಲಿಯೂ ಕಂಪ್ಯೂಟರ್ ಕಲಿತವಳಲ್ಲ. ಹಾಗಾದರೆ ಈ ಪಾಠ ಯಾವ ಪುರುಷಾರ್ಥಕ್ಕೆ?" ಎಂದು ಅವರು ಕೇಳಿದರು.

ಕೂಟದಲ್ಲಿದ್ದ ತರುಣ ಇಂಜಿನಿಯರರು ಇದನ್ನು ಒಪ್ಪಲಿಲ್ಲ. ಇಂದಿನ ಕಾಲಕ್ಕೆ ಅದೇ ಅಕ್ಷರಾಭ್ಯಾಸ, ಅದಿಲ್ಲದ ಮಗು ಕುರುಡನಿಗೆ ಸಮಾನ ಎಂದು ಅವರು ವಾದಿಸಿದರು. ವಾದ ಕೊಂಚ ಬಿಸಿಯಾಯಿತು. ಕಡೆಗೆ ಇಬ್ಬರೂ ನನ್ನ ಕಡೆಗೆ ತಿರುಗಿದರು. "ಮೇಷ್ಟರೇ, ಹನ್ನೊಂದು ವರ್ಷ ಆ ಕೋಣೆಯ ಬೀಗದ ಕೈ ನಿಮ್ಮ ಜೇಬಿನಲ್ಲಿತ್ತಲ್ಲ, ನೀವೇ ಹೇಳಿ" ಎಂದರು. ನಾನು ಏನೋ ಎರಡು ಮಾತನಾಡಿ ಜಾರಿಕೊಂಡೆ. ಸಭೆಯಲ್ಲಿ ಬರಬೇಕಾದ ಉತ್ತರ ಹಾಸಿಗೆಯ ಮೇಲೆ ಬರುವುದು ನನ್ನ ಹಳೆಯ ರೋಗ. ಅಂದು ರಾತ್ರಿ ಬಂದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅದರಲ್ಲಿ ನನಗೆ ಗೌರವ ತರುವಂಥದು ಹೆಚ್ಚೇನೂ ಇಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

'ಉಪಯೋಗ' ಎಂಬ ಮಾತನ್ನು ಮೊದಲು ಸ್ವಲ್ಪ ತೂಗಿ ನೋಡಬೇಕು. ನಮ್ಮದು ಶಾನುಭೋಗರ ಮನೆತನ. ನಾನು ಚಿಕ್ಕವನಾಗಿದ್ದಾಗ ಮನೆಯ ಅಟ್ಟದ ಮೇಲೆ ಮುತ್ತಾತನ ಕಾಲದ ಒಂದು ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಯಾಗಿ ಮಡಿಸಿ ಮಾಡಿದ ಕರಿಯ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮುತ್ತಾತ ಕಡತದಲ್ಲಿ ಲೆಕ್ಕ ಬರೆದರು, ತಾತ ಕಾಗದದಲ್ಲಿ ಬರೆದರು. ಕಡತಕ್ಕೆ ಸರಿ ಬಳಿಯುವ ವಿದ್ಯೆ ತಾತನಿಗೆ ಬೇಕಾಗಲಿಲ್ಲ. ಲೇಖನಿಯ ಮೊನೆ ಹೆರೆಯುವ ವಿದ್ಯೆ ನನಗೆ ಬೇಕಾಗಲಿಲ್ಲ. ಆದರೆ ತಾತ ನನಗೆ ಕೂಡುವ ಲೆಕ್ಕ ಕಲಿಸುವಾಗ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: ಮೇಲಿನಿಂದ ಕೆಳಕ್ಕೆ ಒಮ್ಮೆ ಕೂಡು, ಕೆಳಗಿನಿಂದ ಮೇಲಕ್ಕೆ ಒಮ್ಮೆ ಕೂಡು, ಎರಡೂ ಸರಿಬಂದರೆ ಮಾತ್ರ ಬರೆ. ಇದನ್ನು ಅವರಿಗೆ ಹೇಳಿದವರು ಮುತ್ತಾತ. ಉಪಕರಣ ಹೋಯಿತು, ಅಭ್ಯಾಸ ಉಳಿಯಿತು. ಯಾವ ಪಾಠವೇ ಆಗಲಿ, ಅದರಲ್ಲಿ ಉಪಕರಣದೊಡನೆ ಹೋಗತಕ್ಕ ಭಾಗ ಯಾವುದು, ಉಪಕರಣ ಹೋದಮೇಲೂ ಉಳಿಯತಕ್ಕ ಭಾಗ ಯಾವುದು ಎಂದು ಕೇಳಿದರೆ ಅದರ ಉಪಯೋಗದ ಅಳತೆ ಸಿಕ್ಕುತ್ತದೆ ಎಂದು ನನಗೆ ತೋರುತ್ತದೆ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದುದು ಇಂದು ನಿನ್ನೆಯ ಮಾತಲ್ಲ. 1984-85ರಲ್ಲಿ ಕೇಂದ್ರ ಸರ್ಕಾರದವರು 'ಕ್ಲಾಸ್' ಎಂಬ ಹೆಸರಿನ ಒಂದು ಪ್ರಯೋಗವನ್ನು ಆರಂಭಿಸಿ, ಆಯ್ದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಇಂಗ್ಲೆಂಡಿನ ಯಂತ್ರವನ್ನು ಕೊಡಿಸಿದರು. ಅದರ ನೆನಪಿನ ಶಕ್ತಿ 32 ಕಿಲೋಬೈಟು. ಇಂದು ಫೋನಿನಲ್ಲಿ ತೆಗೆದ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಮುಂದೆ 2001ರ ಸುಮಾರಿಗೆ ನಮ್ಮ ರಾಜ್ಯದಲ್ಲಿ 'ಮಾಹಿತಿ ಸಿಂಧು' ಎಂಬ ಯೋಜನೆ ಬಂದು, ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಆರಂಭವಾಯಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ಐ.ಸಿ.ಟಿ. ಯೋಜನೆ ಬಂತು. ಈ ಪ್ರವಾಹದ ಒಂದು ಸಣ್ಣ ಕಾಲುವೆ ನಮ್ಮ ತಾಲ್ಲೂಕಿನ ಶಾಲೆಗೂ ಹರಿದು, ಒಂಬತ್ತು ಯಂತ್ರಗಳು ಬಂದಿಳಿದವು. ಪಾಠ ಹೇಳಲು ಬಂದಿದ್ದ ತರುಣ ಒಪ್ಪಂದದ ಅವಧಿ ಮುಗಿದು ಹೊರಟುಹೋದ. ಗಣಿತದ ಮೇಷ್ಟರೆಂಬ ಒಂದೇ ಕಾರಣದಿಂದ 2003ರಲ್ಲಿ ಆ ಕೋಣೆಯ ಬೀಗದ ಕೈ ನನ್ನ ಪಾಲಿಗೆ ಬಂತು. 2014ರಲ್ಲಿ ನಿವೃತ್ತನಾಗುವವರೆಗೂ ಅದು ನನ್ನಲ್ಲಿಯೇ ಇತ್ತು.

ಆ ಕೋಣೆಯನ್ನು ನಾವು ದೇವರ ಮನೆಯಂತೆ ಕಾಪಾಡಿದೆವು. ಶಾಲೆಯಲ್ಲಿ ಕಬ್ಬಿಣದ ಬಾಗಿಲಿದ್ದುದು ಅದೊಂದಕ್ಕೇ. ಮಕ್ಕಳು ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು, ಸಾಲಾಗಿ ಒಳಕ್ಕೆ ಬರಬೇಕು. ಯಂತ್ರಗಳಿಗೆ ಹೊದಿಕೆ ಹೊಲಿಸಿದ್ದೆವು. ಒಂಬತ್ತರಲ್ಲಿ ನಡೆಯುತ್ತಿದ್ದುವು ಐದು. ತರಗತಿಯಲ್ಲಿದ್ದ ಮಕ್ಕಳು ನಲವತ್ತಕ್ಕೂ ಹೆಚ್ಚು. ಅದರ ಮೇಲೆ ವಿದ್ಯುತ್ತು ಯಾವಾಗ ಹೋಗುವುದೋ ಯಾವಾಗ ಬರುವುದೋ ಹೇಳಬಲ್ಲವರಿರಲಿಲ್ಲ. ಮಕ್ಕಳು ಮುಟ್ಟಿ ಕೆಡಿಸಿದರೆ ಉತ್ತರ ಹೇಳಬೇಕಾದವನು ನಾನಲ್ಲವೆ? ಆದುದರಿಂದ ಎಲ್ಲಕ್ಕಿಂತ ಕ್ಷೇಮವಾದ ಉಪಾಯವನ್ನು ಹಿಡಿದೆ. ಕರಿಹಲಗೆಯ ಮೇಲೆ ಕಂಪ್ಯೂಟರಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಭಾಗಗಳ ಹೆಸರನ್ನು ಬಾಯಿಪಾಠ ಮಾಡಿಸಿದೆ.

ಏನೇನು ಕಲಿಸಿದೆನೆಂದು ಈಗ ನೆನೆದರೆ ನಗು ಬರುತ್ತದೆ. ನಗುವಿನ ಹಿಂದೆಯೇ ನಾಚಿಕೆಯೂ ಬರುತ್ತದೆ. ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್. ಮೊದಲನೆಯ ತಲೆಮಾರಿನ ಯಂತ್ರದಲ್ಲಿ ಏನಿತ್ತು? ನಿರ್ವಾತ ನಳಿಕೆ. ಎರಡನೆಯದರಲ್ಲಿ? ಟ್ರಾನ್ಸಿಸ್ಟರು. ಫ್ಲಾಪಿಯಲ್ಲಿ ಎಷ್ಟು ಹಿಡಿಸುತ್ತದೆ? 1.44 ಮೆಗಾಬೈಟು. ಈ ಫ್ಲಾಪಿಯನ್ನು ಸಿದ್ಧಪಡಿಸುವ ಕ್ರಮಕ್ಕೆ ನಾನು ಒಂದು ಪೂರ್ತಿ ವಾರವನ್ನು ಮೀಸಲಿಟ್ಟಿದ್ದೆ. 2011ರಲ್ಲಿ ಸೋನಿ ಕಂಪನಿಯವರು ತಮ್ಮ ಸ್ವಂತ ನಾಡಾದ ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನೇ ನಿಲ್ಲಿಸಿದರು. ಅದನ್ನು ಕಂಠಪಾಠ ಮಾಡಿದ ನನ್ನ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಆಯುಷ್ಯದಲ್ಲಿ ಒಮ್ಮೆಯಾದರೂ ಫ್ಲಾಪಿಯನ್ನು ಕೈಯಲ್ಲಿ ಹಿಡಿದಿರಲಾರರು. ಬೆಳೆಯದ ಹೊಲಕ್ಕೆ ಗೊಬ್ಬರ ಹೊತ್ತ ಹಾಗಾಯಿತು. ವಕೀಲ ಮಿತ್ರರ ದೂರು ಇಷ್ಟರ ಮಟ್ಟಿಗೆ ನೂರಕ್ಕೆ ನೂರು ನಿಜ.

ಆದರೆ ಹನ್ನೊಂದು ವರ್ಷವೂ ಹೀಗೆಯೇ ಕಳೆಯಿತೆಂದರೆ ಅದೂ ಸುಳ್ಳಾಗುತ್ತದೆ. ಒಂದು ದಿನ ಬೇಸರಗೊಂಡು, ಮಕ್ಕಳನ್ನು ಎಂಟೆಂಟು ಮಂದಿಯಂತೆ ಒಂದೊಂದು ಯಂತ್ರದ ಮುಂದೆ ಕೂರಿಸಿ, 'ನುಡಿ'ಯಲ್ಲಿ ಕನ್ನಡ ಬರೆಯಲು ಬಿಟ್ಟೆ. ನುಡಿ ಎಂಬುದು ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ತಂತ್ರಾಂಶ. ಅದರ ಕೀಲಿಮಣೆಯ ಹಂಚಿಕೆ ಕೆ. ಪಿ. ರಾವ್ ಅವರು ರೂಪಿಸಿದ ಕ್ರಮವನ್ನು ಅನುಸರಿಸಿದ್ದು. 'ಅಮ್ಮ' ಎಂದು ಬರೆಯಿರಿ ಎಂದೆ. ಮಕ್ಕಳು ಅಕಾರ ಒತ್ತಿದರು, ಮಕಾರ ಒತ್ತಿದರು, ಮತ್ತೊಂದು ಮಕಾರ ಒತ್ತಿದರು. ತೆರೆಯ ಮೇಲೆ 'ಅಮಮ' ಎಂದು ಮೂಡಿತು. ಒತ್ತಕ್ಷರಕ್ಕೆ ಬೇರೆ ಗುಂಡಿ ಎಲ್ಲಿದೆಯೆಂದು ಹುಡುಕಿದರು, ಇಲ್ಲ. ನಡುವೆ ಎಫ್ ಎಂಬ ಗುಂಡಿಯನ್ನು ಒತ್ತಿ ನೋಡಿ ಎಂದೆ. ಮ, ಎಫ್, ಮ. 'ಅಮ್ಮ' ಮೂಡಿತು. ಆಗ ಒಬ್ಬ ಹುಡುಗ, "ಸಾರ್, ಹಾಗಾದರೆ ಎಫ್ ಎಂಬುದು ಮೊದಲಿನ ಮಕಾರದಲ್ಲಿರುವ ಅಕಾರವನ್ನು ತೆಗೆದುಹಾಕುತ್ತದೆ, ಅದಕ್ಕೇ ಎರಡನೆಯದು ಹೋಗಿ ಕೆಳಗೆ ಅಂಟಿಕೊಳ್ಳುತ್ತದೆ" ಎಂದ. ನಾನು ಬೆರಗಾದೆ. ಸಂಯುಕ್ತಾಕ್ಷರದ ವಿಷಯವನ್ನು ಕನ್ನಡ ಪಂಡಿತರು ಅದೇ ಮಕ್ಕಳಿಗೆ ಎರಡು ವರ್ಷ ಹೇಳಿದ್ದರು. ವ್ಯಾಕರಣದ ಪುಸ್ತಕದಲ್ಲಿ ಸೂತ್ರವಾಗಿ ಮಲಗಿದ್ದುದು ಬೆರಳ ತುದಿಯಲ್ಲಿ ಎದ್ದು ಕುಳಿತಿತು. ಅಂದಿನಿಂದ ವಾರಕ್ಕೊಮ್ಮೆಯಾದರೂ ಹೊದಿಕೆ ತೆಗೆಯುವುದೆಂದು ನಿಶ್ಚಯಿಸಿದೆ. ಕೆಟ್ಟರೆ ಕೆಡಲಿ ಎಂಬಷ್ಟು ಧೈರ್ಯ ಆ ವೇಳೆಗೆ ಬಂದಿತ್ತು.

ಇನ್ನು ನಾನು ಹೇಳಬೇಕೆಂದು ಹೊರಟ ಸಂಗತಿಗೆ ಬರುತ್ತೇನೆ.

ಅದು 2009ನೆಯ ವರ್ಷದ ಜುಲೈ ತಿಂಗಳು. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ನಡೆಯುತ್ತಿತ್ತು. ಒಂದೊಂದು ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ ಎಂಬುದು ಕಟ್ಟಳೆ. ಊಟಕ್ಕೆ ಎಷ್ಟು ಮಂದಿ ಕುಳಿತರು, ಎಷ್ಟು ಅಕ್ಕಿ ಖರ್ಚಾಯಿತು, ಉಗ್ರಾಣದಲ್ಲಿ ಎಷ್ಟು ಉಳಿಯಿತು ಎಂಬುದನ್ನು ದಿನದಿನವೂ ಪುಸ್ತಕದಲ್ಲಿ ಬರೆಯಬೇಕು. ಈ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದರೆ ಹೆಡ್ಮಾಸ್ತರರಿಗೆ ಶ್ರಮ ತಪ್ಪುತ್ತದೆ, ಶಾಲೆಗೂ ಹೆಸರು ಬರುತ್ತದೆ ಎಂದು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಎಕ್ಸೆಲ್ಲಿನಲ್ಲಿ ಒಂದು ಪಟ್ಟಿ ಮಾಡಿದೆ. ತಾರೀಖು, ಹಾಜರಿ, ತಲೆಗೆ ಎಷ್ಟು ಗ್ರಾಂ, ಒಟ್ಟು ಅಕ್ಕಿ, ಉಳಿಕೆ, ಹೀಗೆ ಐದು ಕಂಬಗಳು. ಗುಣಾಕಾರವನ್ನೂ ವ್ಯವಕಲನವನ್ನೂ ಯಂತ್ರವೇ ಮಾಡುತ್ತಿತ್ತು. ತಿಂಗಳ ಕೊನೆಯಲ್ಲಿ ಅಚ್ಚು ತೆಗೆದು ಹೆಡ್ಮಾಸ್ತರರ ಮೇಜಿನ ಮೇಲಿಟ್ಟಾಗ ನನಗೆ ಆದ ಹೆಮ್ಮೆಯನ್ನು ಏನೆಂದು ಹೇಳಲಿ!

ಅಂದೇ ಅವರು ಉಗ್ರಾಣದ ಅಕ್ಕಿಯನ್ನು ತೂಗಿಸಿದರು. ಕಾಗದದಲ್ಲಿದ್ದ ಉಳಿಕೆಗಿಂತ ಚೀಲದಲ್ಲಿದ್ದ ಅಕ್ಕಿ ಸುಮಾರು ಇಪ್ಪತ್ತೆಂಟೂವರೆ ಕಿಲೋ ಕಡಿಮೆ. ಮುಖ್ಯ ಅಡಿಗೆಯಾಕೆಯನ್ನು ಕರೆಸಿದರು. ಆಕೆ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತಳು. ವಿಷಯ ತಿಳಿದೊಡನೆ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ದೇವರಾಣೆಗೂ ಒಂದು ಕಾಳನ್ನೂ ಮನೆಗೆ ಒಯ್ದಿಲ್ಲ, ಸಾರ್. ನನ್ನ ಕೈಯಿಂದಲೇ ಅಳೆದು ಹಾಕಿದ್ದೇನೆ" ಎಂದಳು. ಹೆಡ್ಮಾಸ್ತರರು ಒಳ್ಳೆಯವರು, ಗದರಿಸಲಿಲ್ಲ. "ಲೆಕ್ಕ ಹೀಗೆ ಹೇಳುತ್ತದಲ್ಲಮ್ಮ" ಎಂದಷ್ಟೇ ಅಂದು ನನ್ನ ಕಡೆ ನೋಡಿದರು. ನಾನು ಆಗ ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಮನುಷ್ಯರು ತಪ್ಪಬಹುದು, ತಾಯಿ. ಯಂತ್ರ ಸುಳ್ಳು ಹೇಳುವುದಿಲ್ಲ" ಎಂದೆ. ಮಾರನೆಯ ದಿನ ತಾಲ್ಲೂಕಿನ ಕಚೇರಿಗೆ ವರದಿ ಬರೆಯುವುದೆಂದು ನಿರ್ಧಾರವಾಯಿತು. ಬರೆದಿದ್ದರೆ ಆಕೆಯ ಕೆಲಸ ಹೋಗುತ್ತಿತ್ತು. ಗೌರವಧನ ಅಲ್ಪವಾದರೂ ಆ ಮನೆ ನಿಂತಿದ್ದುದು ಅದರ ಮೇಲೆಯೇ. ಕೆಲಸಕ್ಕಿಂತ ಹೆಚ್ಚಾಗಿ, ಮಕ್ಕಳ ಅಕ್ಕಿ ಕದ್ದವಳೆಂಬ ಹೆಸರು ಆ ಊರಿನಲ್ಲಿ ಅವಳ ಹಿಂದೆ ಕಡೆಯವರೆಗೂ ನಡೆದುಬರುತ್ತಿತ್ತು.

ಆಕೆಯ ಮಗಳು ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯಲ್ಲಿದ್ದಳು. ಆ ತಿಂಗಳ ಕಂಪ್ಯೂಟರ್ ಪರೀಕ್ಷೆಯಲ್ಲಿ ನಾನು ಅವಳಿಗೆ 25ಕ್ಕೆ 9 ಕೊಟ್ಟಿದ್ದೆ. ಯಂತ್ರದ ತಲೆಮಾರುಗಳನ್ನು ಅವಳು ಹಿಂದುಮುಂದಾಗಿ ಬರೆದಿದ್ದಳು. ಸಾಯಂಕಾಲ ಗಂಟೆ ಹೊಡೆದ ಮೇಲೆ ಅವಳು ನನ್ನ ಬಳಿಗೆ ಬಂದು, "ಸಾರ್, ಆ ಲೆಕ್ಕದ ಕಾಗದವನ್ನು ಒಂದು ಗಳಿಗೆ ಕೊಡುತ್ತೀರಾ?" ಎಂದು ಕೇಳಿದಳು. ಕೊಟ್ಟೆ. ಜಗುಲಿಯ ಮೇಲೆ ಕುಳಿತು ಪೆನ್ಸಿಲು ಹಿಡಿದು ಒಂದೊಂದೇ ಸಾಲನ್ನು ನೋಡುತ್ತ ಹೋದಳು. ಅರ್ಧ ಗಂಟೆಯಾಗಿರಬಹುದು. ಮತ್ತೆ ಬಂದು ನಿಂತಳು.

"ಸಾರ್, 16ನೆಯ ತಾರೀಖು ಗುರುವಾರ ನಮ್ಮಲ್ಲಿ ಊಟವಿತ್ತಲ್ಲವೆ?"

"ಇತ್ತಲ್ಲಮ್ಮ. ಹಾಜರಿ 212 ಎಂದಿದೆ, ನೋಡು."

"ಹಾಗಾದರೆ ಮೂರು ಕಿಲೋ ಅಕ್ಕಿ 212 ಮಂದಿಗೆ ಹೇಗೆ ಸಾಕಾಯಿತು, ಸಾರ್? ನಮ್ಮ ಮನೆಯ ಐದು ಜನಕ್ಕೇ ಮೂರು ಕಿಲೋ ಎರಡು ದಿನ ಬರುವುದಿಲ್ಲ."

ಕಾಗದವನ್ನು ಕೈಗೆ ತೆಗೆದುಕೊಂಡೆ. ಆ ಸಾಲಿನಲ್ಲಿ ತಲೆಗೆ 150 ಗ್ರಾಂ ಎಂದಿರಬೇಕಾದಲ್ಲಿ 15 ಎಂದಿತ್ತು. 31 ಕಿಲೋ 800 ಗ್ರಾಂ ಆಗಬೇಕಾದ ಖರ್ಚು 3 ಕಿಲೋ 180 ಗ್ರಾಂ ಆಗಿತ್ತು. ಎರಡರ ಅಂತರ 28 ಕಿಲೋ 620 ಗ್ರಾಂ. ಚೀಲದಲ್ಲಿ ಕಡಿಮೆ ಬಿದ್ದುದು ಅಷ್ಟೇ. ಯಾರೂ ಒಂದು ಕಾಳನ್ನೂ ಕದ್ದಿರಲಿಲ್ಲ; ಅಂದು ಬೆಂದು ಮಕ್ಕಳ ಹೊಟ್ಟೆ ಸೇರಿದ ಅಕ್ಕಿಯನ್ನು ಕಾಗದ ಇನ್ನೂ ಉಗ್ರಾಣದಲ್ಲಿಯೇ ಇಟ್ಟುಕೊಂಡಿತ್ತು. ಒಂದು ಸೊನ್ನೆ ಬಿಟ್ಟುಹೋಗಿತ್ತು. ಪಟ್ಟಿಯನ್ನು ಬರೆದವನು ನಾನು. ಸೊನ್ನೆಯನ್ನು ಬಿಟ್ಟವನೂ ನಾನೇ.

ತಾತ ಹೇಳಿದ್ದ ಮಾತನ್ನು ನಾನು ನಲವತ್ತು ವರ್ಷ ಕಾಗದದ ಲೆಕ್ಕದಲ್ಲಿ ಪಾಲಿಸಿದವನು. ಯಂತ್ರ ಕೂಡಿದ ಲೆಕ್ಕವನ್ನು ಮತ್ತೆ ಕೂಡಿ ನೋಡಬೇಕೆಂದು ನನಗೆ ತೋರಲೇ ಇಲ್ಲ. ಬ್ಯಾಬೇಜನ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆನಲ್ಲ, ಅವನೇ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ಅವನ ಯಂತ್ರದ ವಿಷಯ ಕೇಳಿದ ಪಾರ್ಲಿಮೆಂಟಿನ ಸದಸ್ಯರು, ತಪ್ಪು ಅಂಕಿಗಳನ್ನು ಹಾಕಿದರೂ ಸರಿಯಾದ ಉತ್ತರ ಬರುತ್ತದೆಯೆ ಎಂದು ಅವನನ್ನು ವಿಚಾರಿಸಿದರಂತೆ. ಇಂಥ ಪ್ರಶ್ನೆ ಹುಟ್ಟುವುದಕ್ಕೆ ತಲೆಯೊಳಗೆ ಎಂಥ ಗೊಂದಲವಿರಬೇಕೆಂದು ಅವನಿಗೆ ಅರ್ಥವೇ ಆಗಲಿಲ್ಲವಂತೆ. ಪಿತಾಮಹನ ಹೆಸರನ್ನು ಕಲಿಸಿದೆ, ಪಿತಾಮಹ ಹೇಳಿದ್ದನ್ನು ಕಲಿಸಲಿಲ್ಲ. ಕಲಿಸುವುದಿರಲಿ, ಆ ಪಾರ್ಲಿಮೆಂಟಿನ ಸದಸ್ಯರ ಸಾಲಿನಲ್ಲಿ ನಾನೇ ಹೋಗಿ ಕುಳಿತಿದ್ದೆ.

ಹುಡುಗಿಯ ಮಾತು ಅಲ್ಲಿಗೆ ಮುಗಿಯಲಿಲ್ಲ. ಹಿಂಜರಿಯುತ್ತಲೇ, "ಸಾರ್, 150 ಎಂಬುದು ಎಲ್ಲ ದಿನವೂ ಒಂದೇ ಅಲ್ಲವೆ? ದಿನವೂ ಏಕೆ ಬರೆಯಬೇಕು? ಮೇಲೆ ಒಂದು ಕಡೆ ಬರೆದಿಟ್ಟು, ಎಲ್ಲ ಸಾಲುಗಳೂ ಅದನ್ನೇ ನೋಡಿಕೊಳ್ಳುವ ಹಾಗೆ ಮಾಡಲು ಬರುವುದಿಲ್ಲವೆ?" ಎಂದು ಕೇಳಿದಳು. ಬರುತ್ತದೆ. ನನಗೆ ಗೊತ್ತಿರಲಿಲ್ಲ. ಪುಸ್ತಕ ನೋಡಿ ಕಲಿತುಕೊಂಡು, ಮುಂದಿನ ವಾರ ಇಡೀ ತರಗತಿಗೆ ಅದನ್ನೇ ಪಾಠವಾಗಿ ಇಟ್ಟೆ. ಹಳೆಯ ತಿಂಗಳುಗಳ ಬರಹದ ಲೆಕ್ಕವನ್ನು ಮಕ್ಕಳಿಗೆ ಹಂಚಿ, ಯಂತ್ರಕ್ಕೆ ಏರಿಸಿ ತಪ್ಪು ಹುಡುಕಿರಿ ಎಂದೆ. ವಿದ್ಯುತ್ತಿನ ಕಾಟದಿಂದ ಮೂರು ವಾರ ಹಿಡಿಯಿತು. ಒಬ್ಬನು ಭಾನುವಾರದಂದು ಊಟವಾದ ಲೆಕ್ಕವನ್ನು ಹಿಡಿದುಕೊಟ್ಟ. ಇನ್ನೊಬ್ಬಳು ಶಾಲೆಯಲ್ಲಿರುವ ಮಕ್ಕಳಿಗಿಂತ ಊಟ ಮಾಡಿದ ಮಕ್ಕಳು ಹೆಚ್ಚಾಗಿದ್ದ ದಿನವನ್ನು ಕಂಡುಹಿಡಿದಳು. ಹಾಜರಿ ಶಾಲೆಯ ಸಂಖ್ಯೆಯನ್ನು ಮೀರಿದರೆ ಆ ಮನೆ ಕೆಂಪಗಾಗುವಂತೆ ಮಾಡಲು ಮತ್ತೊಬ್ಬನು ಕಲಿತ. ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಕಂಪ್ಯೂಟರ್ ಪಾಠವೆಂದು ನಿಜವಾಗಿ ಹೇಳಬಹುದಾದ ಪಾಠ ಮಾಡಿದ್ದರೆ ಅದು ಆ ಮೂರು ವಾರ. ಅದೂ ಒಬ್ಬ ವಿದ್ಯಾರ್ಥಿನಿ ನನಗೆ ಮಾಡಿದ ಪಾಠ.

ಬಿಬಿಸಿ ಮೈಕ್ರೋ ಹುಟ್ಟಿದ ನಾಡಿನಲ್ಲಿಯೂ ಇದೇ ಚರ್ಚೆ ನಡೆದುದನ್ನು ನಾನು ಅನಂತರ ಓದಿ ತಿಳಿದುಕೊಂಡೆ. 1980ರ ದಶಕದಲ್ಲಿ ಅಲ್ಲಿನ ಮಕ್ಕಳು ಆ ಯಂತ್ರಕ್ಕೆ ತಾವೇ ಆಜ್ಞೆಗಳನ್ನು ಬರೆದು ಆಡುತ್ತಿದ್ದರು. ಬರಬರುತ್ತ ಶಾಲೆಗಳ ಪಾಠ, ಪತ್ರ ಬರೆಯುವ ತಂತ್ರಾಂಶವನ್ನೂ ಲೆಕ್ಕದ ತಂತ್ರಾಂಶವನ್ನೂ ಬಳಸುವುದರಲ್ಲಿಯೇ ನಿಂತುಹೋಯಿತು. 2011ರಲ್ಲಿ ಗೂಗಲ್ ಕಂಪನಿಯ ಎರಿಕ್ ಸ್ಮಿತ್ ಅವರು ಎಡಿನ್‌ಬರೋದಲ್ಲಿ ಮಾಡಿದ ಭಾಷಣದಲ್ಲಿ, ತಂತ್ರಾಂಶವನ್ನು ಬಳಸುವುದನ್ನು ಕಲಿಸುತ್ತೀರಿ, ಅದನ್ನು ಮಾಡುವುದು ಹೇಗೆಂದು ಕಲಿಸುವುದಿಲ್ಲ ಎಂದು ಆಕ್ಷೇಪಿಸಿದರು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿಯ ವರದಿಯೂ ಇದೇ ಅತೃಪ್ತಿಯನ್ನು ಸೂಚಿಸಿತು. 2014ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ಐದು ವರ್ಷದ ಮಗುವಿನಿಂದ ಹಿಡಿದು ಎಲ್ಲರಿಗೂ ಹೊಸ ಪಾಠಕ್ರಮ ಬಂತು. ನಮ್ಮಲ್ಲಿಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ತರಗತಿಗಳಲ್ಲಿಯೇ ಕೋಡಿಂಗ್ ಕಲಿಸಬೇಕೆಂದು ಹೇಳಿದೆ. ವಕೀಲರ ಮೊಮ್ಮಗನ ಹೊಸ ಪುಸ್ತಕ ಅದರ ಫಲವಿರಬೇಕು.

ಬಳಸುವುದನ್ನು ಕಲಿಸಬೇಕೆ, ಕಟ್ಟುವುದನ್ನು ಕಲಿಸಬೇಕೆ ಎಂಬ ಈ ಜಗಳದಲ್ಲಿ ನನಗೆ ಎರಡು ಪಕ್ಷವೂ ಅರ್ಧ ಸರಿಯೆಂದು ತೋರುತ್ತದೆ. ಇಂದು ಒತ್ತುವ ಗುಂಡಿ ನಾಳೆ ಇರುವುದಿಲ್ಲವೆಂಬುದು ನಿಜ. ಆದರೆ ಕೋಡಿಂಗನ್ನೂ ನಾನು ಫ್ಲಾಪಿಯನ್ನು ಕಲಿಸಿದಂತೆಯೇ ಕಲಿಸಿದರೆ ಆದ ಲಾಭವೇನು? ಬ್ಯಾಬೇಜನ ಸ್ಥಾನದಲ್ಲಿ ಇನ್ನೊಬ್ಬ ಪಿತಾಮಹನನ್ನು ಕೂರಿಸಿದಂತಾದೀತು, ಅಷ್ಟೆ. 2022ರ ಕೊನೆಯಿಂದ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ, ಕೋಡನ್ನೂ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಅವು ಬಹಳ ನಯವಾಗಿ ಮಾತನಾಡುತ್ತವೆ. ತಪ್ಪನ್ನೂ ಅಷ್ಟೇ ನಯವಾಗಿ ಹೇಳುತ್ತವೆ. ಮೂರು ಕಿಲೋ ಅಕ್ಕಿಯಲ್ಲಿ 212 ಮಂದಿ ಹೇಗೆ ಉಂಡರೆಂದು ಕೇಳುವ ಮಗು ಹಿಂದೆಂದಿಗಿಂತಲೂ ಈಗ ಬೇಕಾಗಿದೆ.

ಆ ಹುಡುಗಿ ಈಗ ನಮ್ಮ ಹೋಬಳಿಯ ಒಂದು 'ಗ್ರಾಮ ಒನ್' ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಪಹಣಿಯ ಪ್ರತಿಗಾಗಿ ಹೋದಾಗ ಅವಳನ್ನು ಕಂಡೆ. ನನ್ನನ್ನು ಗುರುತಿಸಿ, ಎದ್ದು ಕುರ್ಚಿ ಹಾಕಿದಳು. ನನಗಿಂತ ಮುಂದೆ ವಯಸ್ಸಾದ ರೈತರೊಬ್ಬರಿದ್ದರು. ಪಹಣಿಯಲ್ಲಿದ್ದ ಅವರ ಹೆಸರಿಗೂ ಆಧಾರ್ ಚೀಟಿಯಲ್ಲಿದ್ದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿತ್ತು. ಕೇಂದ್ರ ಸರ್ಕಾರ ರೈತರಿಗೆ ವರ್ಷಕ್ಕೆ ಕೊಡುವ ಆರು ಸಾವಿರ ರೂಪಾಯಿ ಆ ಒಂದಕ್ಷರಕ್ಕೆ ಸಿಕ್ಕಿ ನಿಂತಿತ್ತು. ಅವಳು ಅರ್ಜಿಯನ್ನು ತುಂಬಿ, ಕೊನೆಯ ಗುಂಡಿಯನ್ನು ಒತ್ತುವ ಮೊದಲು, "ತಾತ, ಓದುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ" ಎಂದು ಹೆಸರು, ತಂದೆಯ ಹೆಸರು, ಸರ್ವೆ ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಆಮೇಲೆ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ನೋಡಿಕೊಂಡಳು. ಕೆಳಗಿನಿಂದ ಮೇಲಕ್ಕೆ ಕೂಡುವ ನಮ್ಮ ತಾತನ ನೆನಪಾಯಿತು.

ಜನ ಕರಗಿದ ಮೇಲೆ ಕೇಳಿದೆ: "ನಾನು ಕಲಿಸಿದ್ದರಲ್ಲಿ ಏನಾದರೂ ಉಪಯೋಗಕ್ಕೆ ಬಂತೇನಮ್ಮ?" ಅವಳು ಸ್ವಲ್ಪ ಯೋಚಿಸಿ, "ಹೆದರಿಕೆ ಹೋಯಿತು, ಸಾರ್. ಮುಟ್ಟಿದರೆ ಕೆಟ್ಟುಹೋಗುತ್ತದೆ ಎನ್ನುವ ಹೆದರಿಕೆ. ಮೊದಲು ಕೆಲಸಕ್ಕೆ ಸೇರಿದಾಗ ನನ್ನ ಜೊತೆಯವರಿಗೆಲ್ಲ ಅದಿತ್ತು, ನನಗಿರಲಿಲ್ಲ" ಎಂದಳು. ಮತ್ತೆ ನಕ್ಕು, "ಎಫ್ ಒತ್ತುವುದು ಈಗಲೂ ದಿನವೂ ಬೇಕಾಗುತ್ತದೆ" ಎಂದು ಸೇರಿಸಿದಳು. ತಲೆಮಾರುಗಳ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದುದರಿಂದ ವಕೀಲ ಮಿತ್ರರಿಗೆ ನನ್ನ ತಡವಾದ ಉತ್ತರ ಇದು. ಬಿಲ್ಲು ಕಟ್ಟುವುದನ್ನು ಶಾಲೆ ಕಲಿಸಬೇಕಾಗಿಲ್ಲ. ಬೇಕಾದ ದಿನ ಹುಡುಗ ಅಜ್ಜಿಯಿಂದ ಅದನ್ನು ಐದು ನಿಮಿಷದಲ್ಲಿ ಕಲಿತಾನು. ಭಾಗಗಳ ಹೆಸರನ್ನು ಕಲಿಸಿದರೆ ಗಂಟೆ ವ್ಯರ್ಥ. ಯಂತ್ರವನ್ನು ಹೆದರದೆ ಮುಟ್ಟುವುದು, ಬೆರಳು ಕನ್ನಡದಲ್ಲಿ ಓಡುವುದು, ಒಂದು ಕೆಲಸವನ್ನು ಮೊದಲು ಇದು ಆಮೇಲೆ ಇದು ಎಂದು ಬಿಡಿಸಿ ಇಡುವುದು, ಬಂದ ಉತ್ತರವನ್ನು ಅಡಿಗೆಮನೆಯ ಅಳತೆಗೆ ಹಿಡಿದು ನೋಡುವುದು, ಇವು ಬಂದರೆ ಆ ಎರಡು ಗಂಟೆ ಸಾರ್ಥಕ. ಇವು ಬರಬೇಕಾದರೆ ಮಗುವಿನ ಕೈಯಲ್ಲಿ ನಿಜವಾದ ಕೆಲಸವಿರಬೇಕು. ತಪ್ಪಿದರೆ ಯಾರಿಗಾದರೂ ನೋವಾಗುವಂಥ ಲೆಕ್ಕವಿರಬೇಕು. ಮೊಮ್ಮಗನಿಗೆ ತಮ್ಮ ಮನೆಯ ತೋಟದ ಜಮಾಖರ್ಚನ್ನು ವಕೀಲರು ಒಮ್ಮೆ ಒಪ್ಪಿಸಿ ನೋಡಲಿ. ಪಾಠ ಏನು ಕಲಿಸಿದೆ, ಏನು ಕಲಿಸಿಲ್ಲ ಎಂಬುದು ಒಂದೇ ತಿಂಗಳಲ್ಲಿ ತಿಳಿಯುತ್ತದೆ.

ಇನ್ನೊಂದು ಮಾತು ಉಳಿದಿದೆ. ಅಂದು ಸಾಯಂಕಾಲ ತಪ್ಪು ಸಿಕ್ಕಿದೊಡನೆ ನಾನು ಹೆಡ್ಮಾಸ್ತರರಿಗೆ ತಿಳಿಸಿ ವರದಿಯನ್ನು ನಿಲ್ಲಿಸಿದೆ. ಅಡಿಗೆಮನೆಗೂ ಹೋದೆ. ಆಕೆ ಪಾತ್ರೆ ತೊಳೆಯುತ್ತಿದ್ದಳು. "ಲೆಕ್ಕ ಸರಿಹೋಯಿತಮ್ಮ, ಸ್ವಲ್ಪ ಎಡವಟ್ಟಾಗಿತ್ತು" ಎಂದೆ. ಆಕೆ ಕಣ್ಣೊರಸಿಕೊಂಡು, "ಹೋಗಲಿ ಬಿಡಿ, ಸಾರ್. ಯಂತ್ರವಲ್ಲವೆ, ಅದಕ್ಕೇನು ಗೊತ್ತು ಪಾಪ" ಎಂದಳು. ನಾನು ತಲೆಯಾಡಿಸಿ ಬಂದುಬಿಟ್ಟೆ. ಬೆಳಗ್ಗೆ ಯಂತ್ರ ಸುಳ್ಳು ಹೇಳುವುದಿಲ್ಲವೆಂದವನು ಸಂಜೆ ಆ ಯಂತ್ರದ ಹಿಂದೆಯೇ ಅಡಗಿಕೊಂಡೆ. ಅದು ಯಂತ್ರದ ತಪ್ಪಲ್ಲ, ನನ್ನದು ಎಂದು ಮಗಳ ಮುಂದೆ ಹೇಳಿದ್ದೆ. ತಾಯಿಯ ಮುಂದೆ ಹೇಳಲಿಲ್ಲ. ಗ್ರಾಮ ಒನ್ನಿನಲ್ಲಿ ಮಗಳನ್ನು ಕೇಳಿ ತಿಳಿದೆ, ಆಕೆ ಈಗಲೂ ಅದೇ ಊರಿನಲ್ಲಿದ್ದಾಳೆ. ಮಂಡಿನೋವಿನಿಂದ ಅಡಿಗೆಯ ಕೆಲಸವನ್ನು ಬಿಟ್ಟಿದ್ದಾಳೆ. ಈ ಸಂಚಿಕೆ ಅಚ್ಚಾಗಿ ಬಂದಮೇಲೆ ಒಂದು ಪ್ರತಿಯನ್ನು ಹಿಡಿದುಕೊಂಡು ಆ ಮನೆಗೆ ಹೋಗಬೇಕೆಂದಿದ್ದೇನೆ. ಆಕೆಗೆ ಓದು ಬಾರದು. ನಾನೇ ಓದಿ ಹೇಳಬೇಕಾಗುತ್ತದೆ.